ನಾಯಿ ಕಚ್ಚಿದ ಮೇಲೆ: ಪರಿಹಾರದ ಬೇಡಿಕೆ ಮತ್ತು ಬೆಳೆಗಾರರ ಹೊಣೆ



ಮಲೆನಾಡಿನಲ್ಲಿ ತೋಟವಿರುವ ಮನೆಗೆ ನಾಯಿ ಇಲ್ಲದಿರುವುದು ಅಪರೂಪ. ಕಣದಲ್ಲಿ ಕಾಫಿ ಹರವಿದಾಗ, ಅಂಗಳದಲ್ಲಿ ಅಡಿಕೆ ಒಣಗುವಾಗ ರಾತ್ರಿಯ ಕಾವಲಿಗೆ ನಾಯಿ ಬೇಕು. ಹಗಲು ಮಂಗಗಳನ್ನು ಓಡಿಸಲು ಬೇಕು. ಒಂಟಿಮನೆಯಲ್ಲಿ ವಯಸ್ಸಾದವರಷ್ಟೇ ಉಳಿದಿರುವ ಈ ಕಾಲದಲ್ಲಿ ಧೈರ್ಯಕ್ಕೂ ಬೇಕು. ಆದರೆ ಅದೇ ನಾಯಿ ಒಂದು ದಿನ ದಾರಿಹೋಕರಿಗೋ, ಕೆಲಸಕ್ಕೆ ಬಂದವರಿಗೋ, ನೆರೆಮನೆಯ ಮಗುವಿಗೋ ಬಾಯಿ ಹಾಕಿದರೆ ಏನು ಮಾಡಬೇಕು? ಗೊಬ್ಬರ, ಸಾಲ, ಬೆಳೆವಿಮೆಯ ವಿಚಾರವಾಗಿ ಕಚೇರಿಗೆ ಬರುವ ಸದಸ್ಯರು ಈಚೆಗೆ ಈ ಪ್ರಶ್ನೆಯನ್ನೂ ಕೇಳುತ್ತಿದ್ದಾರೆ. "ಅವರು ಪರಿಹಾರ ಕೇಳುತ್ತಿದ್ದಾರೆ, ಕೊಡಲೇಬೇಕೆ? ಎಷ್ಟು ಕೊಡಬೇಕು? ಕೊಟ್ಟ ಮೇಲೂ ಠಾಣೆಗೆ ಹೋದರೆ ಏನು ಗತಿ?" ಎಂದು ವಿಚಾರಿಸುತ್ತಾರೆ. ಬಿಡಿಬಿಡಿಯಾಗಿ ಉತ್ತರ ಹೇಳುವುದಕ್ಕಿಂತ ಎಲ್ಲವನ್ನೂ ಒಂದೆಡೆ ಬರೆಯುವುದು ಮೇಲೆಂದು ಈ ಲೇಖನ.

ಇದರ ಸಾರವನ್ನು ಮೊದಲಿಗೇ ಹೇಳಿಬಿಡುತ್ತೇನೆ. ಪರಿಹಾರದ ಜಗಳವು ವಕೀಲರ ನೋಟೀಸಿನಿಂದ ಆರಂಭವಾಗುವುದಿಲ್ಲ. ನಾಯಿ ಕಚ್ಚಿದ ಮೊದಲ ಗಂಟೆಯಿಂದ ಮೊದಲ ಹತ್ತು ದಿನದವರೆಗೆ ನಾವು ಹೇಗೆ ನಡೆದುಕೊಂಡೆವು ಎಂಬುದರಲ್ಲಿಯೇ ಅದರ ಮುಕ್ಕಾಲು ಪಾಲು ತೀರ್ಮಾನವಾಗಿರುತ್ತದೆ.

ಮೊದಲು ಗಾಯ, ಆಮೇಲೆ ಮಾತು

ತಪ್ಪು ಯಾರದು ಎಂಬ ವಾದವನ್ನು ಆ ಗಳಿಗೆಯಲ್ಲಿ ಬದಿಗಿಡಬೇಕು. ಗಾಯವನ್ನು ಸಾಬೂನು ಹಚ್ಚಿ, ಸುರಿಯುವ ನೀರಿನಲ್ಲಿ ಪೂರಾ 15 ನಿಮಿಷ ತೊಳೆಯಬೇಕು. ಗಡಿಯಾರ ನೋಡಿಕೊಂಡೇ ತೊಳೆಯಿರಿ, ಏಕೆಂದರೆ ಅಂದಾಜಿನ 15 ನಿಮಿಷ ವಾಸ್ತವವಾಗಿ ಮೂರು ನಿಮಿಷವೂ ಆಗಿರುವುದಿಲ್ಲ. ಸುಣ್ಣ, ಅರಿಸಿನ, ಮೆಣಸಿನಪುಡಿ, ಕಾಫಿಪುಡಿ, ಸೊಪ್ಪಿನ ರಸ ಮುಂತಾದ ಯಾವುದನ್ನೂ ಗಾಯಕ್ಕೆ ಮೆತ್ತಬಾರದು. ಬಿಗಿಯಾಗಿ ಕಟ್ಟಲೂಬಾರದು. ತೊಳೆದ ಕೂಡಲೇ ಆಸ್ಪತ್ರೆಗೆ ಹೊರಡಬೇಕು.

ರೇಬೀಸ್, ಅಂದರೆ ಹುಚ್ಚುನಾಯಿ ರೋಗ, ಲಕ್ಷಣ ಕಾಣಿಸಿಕೊಂಡ ಮೇಲೆ ಹೆಚ್ಚುಕಡಮೆ ಮರಣವೇ ಎಂಬುದನ್ನು ಯಾರೂ ಮರೆಯಲಾಗದು. ಆದರೆ ಸಕಾಲದಲ್ಲಿ ಗಾಯ ತೊಳೆದು ಲಸಿಕೆ ಪಡೆದರೆ ಅದನ್ನು ತಡೆಯಬಹುದು. ರಕ್ತ ಬಾರದ ಸಣ್ಣ ಗೀರಿಗೆ ಲಸಿಕೆ ಸಾಕಾಗುತ್ತದೆ. ಚರ್ಮ ಹರಿದು ರಕ್ತ ಬಂದಿದ್ದರೆ ಲಸಿಕೆಯ ಜೊತೆಗೆ ಇಮ್ಯುನೊಗ್ಲಾಬ್ಯುಲಿನ್ ಎಂಬ ಔಷಧಿಯನ್ನು ಗಾಯದ ಸುತ್ತಲೂ ಚುಚ್ಚಬೇಕಾಗುತ್ತದೆ. ಅದು ಎಲ್ಲ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿಯೂ ಇರುವುದಿಲ್ಲ. ಆದ್ದರಿಂದ ಹೊರಡುವ ಮುನ್ನ ತಾಲ್ಲೂಕು ಆಸ್ಪತ್ರೆಗೆ ಫೋನು ಮಾಡಿ ದಾಸ್ತಾನು ಇದೆಯೇ ಎಂದು ಕೇಳಿಕೊಳ್ಳುವುದು ಜಾಣತನ. ಚರ್ಮದೊಳಗೆ ಕೊಡುವ ಲಸಿಕೆಯನ್ನು ಕಚ್ಚಿದ ಚಿಕಿತ್ಸೆಯ ಮೊದಲ ದಿನ, ಬಳಿಕ 3, 7 ಮತ್ತು 28ನೆಯ ದಿನ ಕೊಡುತ್ತಾರೆ. ಮಾಂಸಖಂಡಕ್ಕೆ ಕೊಡುವ ಕ್ರಮದಲ್ಲಿ 14ನೆಯ ದಿನವೂ ಒಂದು ಸೇರುತ್ತದೆ. ಮೊದಲಿನ ಎರಡು ಸೂಜಿ ಪಡೆದು, ಸುಗ್ಗಿಯ ಗಡಿಬಿಡಿಯಲ್ಲಿ ಉಳಿದದ್ದನ್ನು ಬಿಟ್ಟುಬಿಡುವುದು ನಮ್ಮಲ್ಲಿ ಸಾಮಾನ್ಯ. ನಾಯಿಯ ಒಡೆಯರೇ ಆ ತಾರೀಕುಗಳನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡು, ಕಚ್ಚಿಸಿಕೊಂಡವರನ್ನು ಆಸ್ಪತ್ರೆಗೆ ಕಳಿಸಿಕೊಡಬೇಕು.

"ನಮ್ಮ ನಾಯಿಗೆ ಲಸಿಕೆ ಆಗಿದೆ, ನಿಮಗೆ ಬೇಡ" ಎಂದು ಹೇಳುವ ಅಧಿಕಾರ ಒಡೆಯರಿಗಿಲ್ಲ. ನಾಯಿಯ ಲಸಿಕೆಯ ಚೀಟಿಯನ್ನು ವೈದ್ಯರಿಗೆ ತೋರಿಸಿ. ತೀರ್ಮಾನ ಅವರದು.

ಆಸ್ಪತ್ರೆಯಲ್ಲಿ ನಿಜವನ್ನೇ ಬರೆಸಬೇಕು. "ಬೀದಿನಾಯಿ ಎಂದು ಬರೆಸಿಬಿಡಿ, ಆಮೇಲೆ ನೋಡಿಕೊಳ್ಳೋಣ" ಎಂದು ಕಚ್ಚಿಸಿಕೊಂಡವರಿಗೆ ಹೇಳಿಕೊಡುವವರುಂಟು. ಇದರಿಂದ ಎರಡು ಬಗೆಯ ಹಾನಿ. ಕಣ್ಣೆದುರು ಕಟ್ಟಿಹಾಕಿ ನೋಡಬಹುದಾದ ನಾಯಿಯನ್ನು ಸಿಗದ ನಾಯಿ ಎಂದು ತಿಳಿದು ವೈದ್ಯರು ಚಿಕಿತ್ಸೆ ಮಾಡಬೇಕಾಗುತ್ತದೆ. ಮುಂದೆ ನಿಜ ಹೊರಬಿದ್ದಾಗ ಒಡೆಯರ ಯಾವ ಮಾತನ್ನೂ ಯಾರೂ ನಂಬುವುದಿಲ್ಲ.

ಹತ್ತು ದಿನ ನಾಯಿ ಜೀವಂತವಾಗಿರಬೇಕು

ಕಚ್ಚುವ ಹೊತ್ತಿಗೆ ನಾಯಿಯ ಜೊಲ್ಲಿನಲ್ಲಿ ರೇಬೀಸ್ ಇದ್ದಿದ್ದರೆ 10 ದಿನಗಳೊಳಗೆ ಅದು ರೋಗದ ಲಕ್ಷಣ ತೋರಿಸುತ್ತದೆ ಅಥವಾ ಸಾಯುತ್ತದೆ. 10 ದಿನ ಕಳೆದ ಮೇಲೂ ಅದು ಉಂಡು ತಿಂದು ಆರೋಗ್ಯವಾಗಿದ್ದರೆ ಆ ಕಡಿತದಿಂದ ರೇಬೀಸ್ ಬರುವ ಭಯವಿಲ್ಲ. ಆದ್ದರಿಂದ ನಾಯಿಯನ್ನು ಬೇರೆಯಾಗಿ ಕಟ್ಟಿ, ನೀರು ಆಹಾರ ಕೊಟ್ಟು ನೋಡಿಕೊಳ್ಳಬೇಕು. ಪಶುವೈದ್ಯರಿಗೆ ಮೊದಲ ದಿನ ಮತ್ತು ಹತ್ತನೆಯ ದಿನ ತೋರಿಸಿ ಚೀಟಿ ಬರೆಸಿಕೊಳ್ಳುವುದು ಉತ್ತಮ. ಆದರೆ ಈ ಹತ್ತು ದಿನ ಮುಗಿಯಲೆಂದು ಲಸಿಕೆಯನ್ನು ತಡಮಾಡಕೂಡದು. ಎರಡೂ ಒಟ್ಟೊಟ್ಟಿಗೆ ನಡೆಯಬೇಕು.

ನಮ್ಮ ಭಾಗದಲ್ಲಿ ನಡೆದ ಒಂದು ಸಂಗತಿಯನ್ನು ಹೆಸರು ಹೇಳದೆ ಇಲ್ಲಿ ತಿಳಿಸುತ್ತೇನೆ. ಕಾಫಿ ಕೊಯ್ಯಲು ಬರುತ್ತಿದ್ದ ಒಬ್ಬ ಹೆಂಗಸಿಗೆ ತೋಟದ ನಾಯಿ ಮೀನಖಂಡಕ್ಕೆ ಕಚ್ಚಿತು. ಒಡೆಯರು ಚಿಕಿತ್ಸೆಗೆ ಹಣವನ್ನೇನೋ ಕೊಟ್ಟರು. ಆದರೆ ಮರುದಿನ ಸಿಟ್ಟಿನಲ್ಲಿ, ಬೆಳೆರಕ್ಷಣೆಗೆಂದು ಇದ್ದ ಕೋವಿಯಿಂದ ನಾಯಿಯನ್ನು ಹೊಡೆದು ಹೂಳಿಸಿಬಿಟ್ಟರು. "ಕಚ್ಚಿದ ನಾಯಿಯನ್ನೇ ತೆಗೆದೆನಲ್ಲ, ಇನ್ನೇನು?" ಎಂಬುದು ಅವರ ಎಣಿಕೆ. ಆಕೆಯ ಮನೆಯವರಿಗೆ ಕಂಡದ್ದು ಬೇರೆ. ಹುಚ್ಚು ಹಿಡಿದಿತ್ತೆಂದೇ ನಾಯಿಯನ್ನು ಮುಗಿಸಿದ್ದಾರೆ ಎಂದು ಅವರು ನಂಬಿದರು. ಅಲ್ಲವೆಂದು ತೋರಿಸಲು ನಾಯಿಯೇ ಇಲ್ಲ. ಆಕೆ ಎಲ್ಲ ಲಸಿಕೆಗಳನ್ನೂ ಪಡೆದು ಗುಣವಾದರೂ ಎಷ್ಟೋ ತಿಂಗಳು ನೀರು ಕುಡಿಯುವಾಗಲೆಲ್ಲ ಮನೆಮಂದಿ ಅವಳ ಮುಖ ನೋಡುತ್ತಿದ್ದರಂತೆ. ಮಾತು ಠಾಣೆಗೆ ಹೋಯಿತು. ಮೊದಲು ಕೆಲವೇ ಸಾವಿರದಲ್ಲಿ ಮುಗಿಯಬಹುದಾಗಿದ್ದ ಬೇಡಿಕೆ ಹತ್ತು ಪಟ್ಟು ಬೆಳೆಯಿತು. ಎರಡೂ ಕಡೆಯವರು ನನ್ನ ಮೇಜಿನ ಮುಂದೆ ಕುಳಿತು ಮಾತನಾಡಿದ್ದರಿಂದ ಇಷ್ಟನ್ನು ಬಲ್ಲೆ. ಹಣಕ್ಕಿಂತ ಹೆಚ್ಚಾಗಿ ಆ ಮನೆಯವರನ್ನು ಕಾಡಿದ್ದು ಭಯ. ಹತ್ತು ದಿನ ಕಟ್ಟಿಹಾಕಿದ ನಾಯಿ ಆ ಭಯವನ್ನು ನಿವಾರಿಸುತ್ತಿತ್ತು.

ಅಲ್ಲದೆ ಪ್ರಾಣಿಯನ್ನು ಕೊಲ್ಲುವುದು, ವಿಷ ಹಾಕುವುದು, ಊನಗೊಳಿಸುವುದು ಭಾರತೀಯ ನ್ಯಾಯ ಸಂಹಿತೆಯ 325ನೆಯ ಕಲಮಿನಂತೆ 5 ವರ್ಷದವರೆಗೆ ಶಿಕ್ಷೆಗೆ ಗುರಿಯಾಗಬಹುದಾದ ಅಪರಾಧ. ಸಿಟ್ಟಿನಿಂದ ನೆರೆಯವರ ನಾಯಿಗೆ ವಿಷವಿಡುವವರಿಗೂ ಇದು ಅನ್ವಯ. ನಾಯಿ ತಾನಾಗಿಯೇ ಸತ್ತರೆ ಹೂಳುವ ಮೊದಲು ಪಶು ಆಸ್ಪತ್ರೆಗೆ ತಿಳಿಸಬೇಕು. ಮೆದುಳಿನ ಪರೀಕ್ಷೆಯಿಂದ ರೋಗವಿತ್ತೇ ಇಲ್ಲವೇ ಎಂದು ತಿಳಿಯಬಹುದು. ಬೆಂಗಳೂರು ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಇದಕ್ಕೆಂದೇ ಪ್ರಯೋಗಾಲಯವಿದೆ.

ಹೊಣೆ ಯಾರದು?

ಸಾಕುನಾಯಿ ಕಚ್ಚಿದರೆ ಇಂತಿಷ್ಟು ಪರಿಹಾರ ಎಂದು ಹೇಳುವ ಪ್ರತ್ಯೇಕ ಕಾಯಿದೆ ನಮ್ಮ ದೇಶದಲ್ಲಿಲ್ಲ. ಒಬ್ಬರ ಅಲಕ್ಷ್ಯದಿಂದ ಇನ್ನೊಬ್ಬರಿಗೆ ಹಾನಿಯಾದರೆ ಅದನ್ನು ತುಂಬಿಕೊಡಬೇಕೆಂಬ ಸಾಮಾನ್ಯ ನಿಯಮದ ಮೇಲೆ ಸಿವಿಲ್ ನ್ಯಾಯಾಲಯಗಳು ತೀರ್ಪು ಕೊಡುತ್ತವೆ. ಅಲ್ಲಿ ಮುಖ್ಯವಾಗಿ ಎರಡು ಪ್ರಶ್ನೆಗಳು ಏಳುತ್ತವೆ. ಈ ನಾಯಿಗೆ ಕಚ್ಚುವ ಚಾಳಿ ಇದೆಯೆಂದು ಒಡೆಯರಿಗೆ ಮೊದಲೇ ಗೊತ್ತಿತ್ತೇ? ಸಾಮಾನ್ಯ ತಿಳಿವಳಿಕೆಯುಳ್ಳವರು ವಹಿಸುವಷ್ಟು ಎಚ್ಚರವನ್ನು ಅವರು ವಹಿಸಿದ್ದರೇ? ಬೊಗಳುವ ನಾಯಿ ಕಚ್ಚುವುದಿಲ್ಲ ಎಂಬ ಗಾದೆ ಅಲ್ಲಿ ಉಪಯೋಗಕ್ಕೆ ಬಾರದು. ಹಿಂದೊಮ್ಮೆ ಒಬ್ಬರ ಮೇಲೆ ಎರಗಿದ ನಾಯಿಯನ್ನು ಮತ್ತೆ ಹಗಲುಹೊತ್ತು ಸಡಿಲ ಬಿಟ್ಟಿದ್ದರೆ ಒಡೆಯರ ಪಕ್ಷ ಬಹಳ ದುರ್ಬಲವಾಗುತ್ತದೆ.

ಸದಸ್ಯರು ಸಾಮಾನ್ಯವಾಗಿ ಹೇಳುವ ಸಮಾಧಾನಗಳನ್ನು ಒಂದೊಂದಾಗಿ ನೋಡೋಣ.

"ಅದು ನಮ್ಮ ನಾಯಿಯಲ್ಲ, ತೋಟದಲ್ಲಿ ತಾನಾಗಿ ಬಂದು ಸೇರಿಕೊಂಡದ್ದು." ದಿನವೂ ಅನ್ನ ಹಾಕಿ, ಜಗಲಿಯಲ್ಲಿ ಮಲಗಿಸಿಕೊಂಡು, ರಾತ್ರಿ ಅದರ ಕಾವಲನ್ನು ಉಪಯೋಗಿಸಿಕೊಂಡ ಮೇಲೆ ಅದು ನಮ್ಮ ವಶದಲ್ಲಿಲ್ಲ ಎಂದು ಒಪ್ಪಿಸುವುದು ಕಷ್ಟ. ಲೈನ್ ಮನೆಗಳಲ್ಲಿ ಕೆಲಸದವರು ಸಾಕಿದ ನಾಯಿಯ ಹೊಣೆ ಮೊದಲಿಗೆ ಸಾಕಿದವರದೇ. ಆದರೂ ಕಚ್ಚುವ ನಾಯಿ ಅಲ್ಲಿದೆಯೆಂದು ಗೊತ್ತಿದ್ದು ಸುಮ್ಮನಿದ್ದರೆ ಜಾಗದ ಒಡೆಯರನ್ನೂ ಪ್ರಶ್ನಿಸುತ್ತಾರೆ.

"ನಾಯಿಗಳಿವೆ ಎಚ್ಚರಿಕೆ ಎಂದು ಬೋರ್ಡು ಹಾಕಿದ್ದೇವೆ." ಬೋರ್ಡು ಬೇಕು. ಆದರೆ ಅದೊಂದೇ ಗುರಾಣಿಯಲ್ಲ. ಓದು ಬಾರದವರಿಗೆ, ಚಿಕ್ಕ ಮಕ್ಕಳಿಗೆ ಅದರಿಂದ ಪ್ರಯೋಜನವಿಲ್ಲ. ನಾಯಿ ಅಪಾಯಕಾರಿಯೆಂದು ನಿಮಗೆ ತಿಳಿದಿತ್ತು ಎನ್ನುವುದಕ್ಕೆ ಅದೇ ಬೋರ್ಡನ್ನು ಎದುರು ಪಕ್ಷದವರು ತೋರಿಸಲೂಬಹುದು.

"ಅವರು ನಮ್ಮ ಜಾಗದೊಳಗೆ ಬಂದಿದ್ದರು." ಕದಿಯಲು ಬೇಲಿ ಹಾರಿದವರಿಗೂ, ಕೆಲಸದ ಮೇಲೆ ಉಣಗೋಲು ಸರಿಸಿ ಬಂದವರಿಗೂ ವ್ಯತ್ಯಾಸವಿದೆ. ಅಂಚೆಯವರು, ವಿದ್ಯುತ್ ಮೀಟರು ಓದುವವರು, ಹಾಲು ತರುವವರು, ಮದುವೆಯ ಕರೆಯ ಹೇಳಲು ಬಂದವರು ಇವರೆಲ್ಲ ನ್ಯಾಯವಾಗಿ ಬಂದವರೇ. ನಮ್ಮ ಎಷ್ಟೋ ತೋಟಗಳ ನಡುವೆ ಊರಿನವರು ಮೊದಲಿನಿಂದಲೂ ನಡೆದಾಡುವ ಕಾಲುದಾರಿಗಳಿವೆ. ಆ ದಾರಿಯಲ್ಲಿ ಹೋಗುವ ಶಾಲೆಯ ಮಗುವನ್ನು ಅತಿಕ್ರಮಣಕಾರರೆಂದು ಕರೆಯಲಾಗದು.

ಕಚ್ಚಿಸಿಕೊಂಡವರೇ ನಾಯಿಯನ್ನು ಕೆಣಕಿದ್ದರೆ, ಕಲ್ಲು ಹೊಡೆದಿದ್ದರೆ, ಮರಿ ಹಾಕಿದ ನಾಯಿಯ ಗೂಡಿಗೆ ಕೈ ಹಾಕಿದ್ದರೆ ಅದನ್ನು ಪರಿಗಣಿಸಿ ಪರಿಹಾರವನ್ನು ಕಡಮೆ ಮಾಡಬಹುದು. ಆದರೆ ಅದಕ್ಕೆ ಕಂಡ ಸಾಕ್ಷಿಗಳು ಬೇಕು. ಆ ದಿನವೇ ಯಾರು ಏನು ನೋಡಿದರೆಂದು ತಾರೀಕು, ವೇಳೆ ಸಹಿತ ಬರೆದಿಟ್ಟುಕೊಳ್ಳಿ.

ನಾಯಿಯ ತಳಿಯ ವಿಚಾರವಾಗಿಯೂ ಒಂದು ಮಾತು. ಕೆಲವು ಉಗ್ರ ತಳಿಗಳನ್ನು ನಿಷೇಧಿಸಲು ರಾಜ್ಯಗಳಿಗೆ ಸೂಚಿಸಿ 2024ರ ಮಾರ್ಚಿಯಲ್ಲಿ ಕೇಂದ್ರ ಸರ್ಕಾರ ಸುತ್ತೋಲೆ ಹೊರಡಿಸಿತ್ತು. ಕರ್ನಾಟಕ ಹೈಕೋರ್ಟು ಅದೇ ಏಪ್ರಿಲಿನಲ್ಲಿ ಅದನ್ನು ರದ್ದುಪಡಿಸಿತು. ಪರಿಹಾರದ ಮಟ್ಟಿಗೆ ನಾಟಿ ನಾಯಿ, ಜಾತಿ ನಾಯಿ ಎಂಬ ಭೇದಕ್ಕಿಂತ ಒಡೆಯರ ಎಚ್ಚರವೇ ಮುಖ್ಯ.

ಠಾಣೆ ಬೇರೆ, ಪರಿಹಾರ ಬೇರೆ

ಇವೆರಡನ್ನೂ ಒಂದೆಂದು ತಿಳಿಯುವುದರಿಂದಲೇ ಅನೇಕ ತೊಂದರೆಗಳು. ತನ್ನ ವಶದಲ್ಲಿರುವ ಪ್ರಾಣಿಯಿಂದ ಮನುಷ್ಯರ ಜೀವಕ್ಕೆ ಅಥವಾ ತೀವ್ರ ಗಾಯಕ್ಕೆ ಸಂಭವವಿದ್ದರೂ, ತಿಳಿದೋ ಅಲಕ್ಷ್ಯದಿಂದಲೋ ತಕ್ಕ ಮುನ್ನೆಚ್ಚರಿಕೆ ವಹಿಸದಿರುವುದು ಭಾರತೀಯ ನ್ಯಾಯ ಸಂಹಿತೆಯ 291ನೆಯ ಕಲಮಿನಂತೆ ಅಪರಾಧ. ಹಳೆಯ ದಂಡ ಸಂಹಿತೆಯಲ್ಲಿ ಇದು 289ನೆಯ ಕಲಂ ಆಗಿತ್ತು. 2024ರ ಜುಲೈ 1ರಿಂದ ಹೊಸ ಸಂಹಿತೆ ಜಾರಿಯಲ್ಲಿದೆ. ಶಿಕ್ಷೆ 6 ತಿಂಗಳವರೆಗೆ ಸೆರೆವಾಸ, ಅಥವಾ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಹಿಂದೆ ದಂಡದ ಮಿತಿ 1,000 ರೂಪಾಯಿ ಇತ್ತು. ಇದು ಜಾಮೀನು ದೊರೆಯುವ ಅಪರಾಧವಾದ್ದರಿಂದ ಠಾಣೆಯಿಂದ ಕರೆ ಬಂದರೆ ಗಾಬರಿಯಾಗಿ ಊರು ಬಿಡಬೇಕಾಗಿಲ್ಲ. ಹೋಗಿ ನಡೆದದ್ದನ್ನು ಹೇಳಿ, ನಾಯಿಯ ಲಸಿಕೆಯ ಚೀಟಿ, ಚಿಕಿತ್ಸೆಗೆ ಖರ್ಚು ಮಾಡಿದ ರಶೀದಿಗಳನ್ನು ತೋರಿಸಬೇಕು.

ಪರಿಹಾರವು ಸಿವಿಲ್ ವಿಷಯ. ಠಾಣೆಯಲ್ಲಿ ಪ್ರಕರಣ ಇಲ್ಲದಿದ್ದರೂ ಪರಿಹಾರಕ್ಕೆ ದಾವೆ ಹೂಡಬಹುದು. ಪರಿಹಾರ ಕೊಟ್ಟ ಮಾತ್ರಕ್ಕೆ ದಾಖಲಾದ ಪ್ರಕರಣ ತಾನಾಗಿಯೇ ಬಿದ್ದುಹೋಗುವುದಿಲ್ಲ. ಇನ್ನೊಂದು ಗಮನಿಸಬೇಕಾದ ಅಂಶವೆಂದರೆ, ಅಪರಾಧ ಸಾಬೀತಾದಾಗ ಮ್ಯಾಜಿಸ್ಟ್ರೇಟರು ಪರಿಹಾರ ಕೊಡಿಸಲೂಬಹುದು. ಹಾಗೆ ಕೊಟ್ಟ ಹಣವನ್ನು ಮುಂದಿನ ಸಿವಿಲ್ ದಾವೆಯಲ್ಲಿ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ.

ಕಚ್ಚಿಸಿಕೊಂಡವರು ನಮ್ಮದೇ ಕೆಲಸದವರಾದರೆ

ಕೆಲಸದ ವೇಳೆಯಲ್ಲಿ, ಕೆಲಸದ ಕಾರಣದಿಂದ ಆದ ಅಪಘಾತಕ್ಕೆ ಮಾಲೀಕರ ಹೊಣೆ ಬೇರೆಯೇ ತರಹದ್ದು. ಹಿಂದೆ 1923ರ ಕಾಯಿದೆಯಲ್ಲಿದ್ದ ಈ ನಿಯಮಗಳು ಈಗ 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಸೇರಿವೆ. ಆ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಗೆ ಬಂದಿದೆ. ಅದು ಅನ್ವಯವಾಗುವ ಕಡೆ ಮಾಲೀಕರ ಅಲಕ್ಷ್ಯವನ್ನು ಕೆಲಸಗಾರರು ಸಾಬೀತುಪಡಿಸಬೇಕಾಗಿಲ್ಲ. ಮೂರು ದಿನಕ್ಕಿಂತ ಹೆಚ್ಚು ಕಾಲ ದುಡಿಯಲಾಗದಂಥ ಗಾಯವಾದರೆ ಪರಿಹಾರದ ಹಕ್ಕು ಹುಟ್ಟುತ್ತದೆ. ಸಂಹಿತೆಯ ಅನುಸೂಚಿಯಲ್ಲಿ ತಮ್ಮ ಕೆಲಸದವರು ಬರುತ್ತಾರೆಯೇ ಎಂಬುದನ್ನು ತಾಲ್ಲೂಕಿನ ಕಾರ್ಮಿಕ ನಿರೀಕ್ಷಕರಲ್ಲಿ ವಿಚಾರಿಸಿಕೊಳ್ಳಿ.

ಕಾಯಿದೆ ಹೇಗಾದರೂ ಇರಲಿ, ಒಂದು ಮಾತನ್ನು ಸ್ಪಷ್ಟವಾಗಿ ಹೇಳಲೇಬೇಕು. ಕೆಲಸದವರಿಗೆ ಕೊಡುವ ಚಿಕಿತ್ಸೆಯ ಹಣವನ್ನು ಮುಂಗಡವೆಂದು ಪುಸ್ತಕದಲ್ಲಿ ಬರೆದು, ಮುಂದೆ ಕೂಲಿಯಲ್ಲಿ ಮುರಿದುಕೊಳ್ಳುವುದು ಸರಿಯಲ್ಲ. ಅದು ಪರಿಹಾರವಲ್ಲ, ಸಾಲ. ರೈಟರುಗಳಿಗೂ ಈ ಬಗ್ಗೆ ತಿಳಿಹೇಳಿ.

ಎಷ್ಟು ಕೊಡುವುದು ನ್ಯಾಯ?

"ಒಂದು ಹಲ್ಲಿನ ಗುರುತಿಗೆ ಹತ್ತು ಸಾವಿರ ಎಂದು ಕೋರ್ಟೇ ಹೇಳಿದೆ" ಎಂಬ ಮಾತು ಊರೂರಲ್ಲಿ ಕೇಳಿಬರುತ್ತಿದೆ. ಇದರ ಮೂಲವನ್ನು ತಿಳಿದಿರಬೇಕು. 2023ರ ನವೆಂಬರಿನಲ್ಲಿ ಪಂಜಾಬ್ ಮತ್ತು ಹರಿಯಾಣ ಹೈಕೋರ್ಟು, ಬೀದಿನಾಯಿ ಕಚ್ಚಿದ ಪ್ರಕರಣಗಳಲ್ಲಿ ಒಂದು ಹಲ್ಲಿನ ಗುರುತಿಗೆ ಕನಿಷ್ಠ 10,000 ರೂಪಾಯಿ, ಮಾಂಸ ಕಿತ್ತುಬಂದಿದ್ದರೆ ಪ್ರತಿ 0.2 ಸೆಂಟಿಮೀಟರ್ ಗಾಯಕ್ಕೆ ಕನಿಷ್ಠ 20,000 ರೂಪಾಯಿ ಪರಿಹಾರವೆಂದು ಹೇಳಿತು. ಆ ಆದೇಶ ಅಲ್ಲಿಯ ಸರ್ಕಾರಗಳ ಹೊಣೆಯನ್ನು ಕುರಿತದ್ದು. ನಮ್ಮ ರಾಜ್ಯದ ಸಾಕುನಾಯಿಯ ಒಡೆಯರಿಗೆ ಅದು ದರಪಟ್ಟಿಯಲ್ಲ. ಹಾಗೆಂದು ಐನೂರು ರೂಪಾಯಿ ಕೈಗಿಟ್ಟು ಕಳಿಸುವುದೂ ನ್ಯಾಯವಲ್ಲ.

ಹಲ್ಲು ಎಣಿಸುವುದಕ್ಕಿಂತ ನಷ್ಟವನ್ನು ಎಣಿಸುವುದು ಸರಿಯಾದ ದಾರಿ. ಲೆಕ್ಕದ ಬಗೆಯನ್ನು ತೋರಿಸಲು ಒಂದು ಕಲ್ಪಿತ ಉದಾಹರಣೆ ಕೊಡುತ್ತೇನೆ. ದಿನಗೂಲಿ 500 ರೂಪಾಯಿ ಪಡೆಯುವವರೊಬ್ಬರ ಕಾಲಿಗೆ ನಾಯಿ ಕಚ್ಚಿ 8 ದಿನ ಕೆಲಸ ತಪ್ಪಿತೆನ್ನೋಣ.

ಆಸ್ಪತ್ರೆಗೆ 4 ಬಾರಿ ಹೋಗಿಬರುವ ಖರ್ಚು, ಬಾರಿಗೆ 300ರಂತೆ: ರೂ. 1,200
ಹೊರಗೆ ಕೊಂಡ ಔಷಧಿ, ಗಾಯಕ್ಕೆ ಪಟ್ಟಿ ಕಟ್ಟಿಸಿದ್ದು: ರೂ. 1,800
8 ದಿನದ ಕೂಲಿ: ರೂ. 4,000
ಜೊತೆಗೆ ಹೋದವರ 2 ದಿನದ ಕೂಲಿ: ರೂ. 1,000
ಹರಿದ ಬಟ್ಟೆ: ರೂ. 700
ಒಟ್ಟು: ರೂ. 8,700

ಇದು ಕೈಬಿಟ್ಟುಹೋದ ಹಣ ಮಾತ್ರ. ನೋವಿಗೆ, ಹೆದರಿಕೆಗೆ, ಉಳಿದುಹೋಗುವ ಕಲೆಗೆ ಇದರ ಮೇಲೆ ಒಂದು ಮೊತ್ತವನ್ನು ಇಬ್ಬರೂ ಕೂತು ಒಪ್ಪಿಕೊಳ್ಳಬೇಕು. ಸರ್ಕಾರಿ ಆಸ್ಪತ್ರೆಯಲ್ಲಿ ಲಸಿಕೆ ಉಚಿತವಾಗಿ ದೊರೆತರೆ "ಖರ್ಚೇ ಆಗಿಲ್ಲವಲ್ಲ" ಎನ್ನುವವರು ಮೇಲಿನ ಪಟ್ಟಿಯನ್ನು ಇನ್ನೊಮ್ಮೆ ಓದಬೇಕು. ಲಸಿಕೆಯ ಬೆಲೆ ಅದರಲ್ಲಿ ಇಲ್ಲವೇ ಇಲ್ಲ.

ನಷ್ಟ ಎಲ್ಲರಿಗೂ ಒಂದೇ ಅಲ್ಲ. ಅಂಗೈಗೋ ಪಾದಕ್ಕೋ ಕಚ್ಚಿಸಿಕೊಂಡ ಕೊನೆಗಾರ ಗಾಯ ಮಾಯುವವರೆಗೆ ಮರ ಹತ್ತಲಾರ. ಅವನ ಕೂಲಿ ಹೆಚ್ಚು, ಕೊಯ್ಲಿನ ದಿನಗಳು ಕಡಮೆ. ಸುಗ್ಗಿಯಲ್ಲಿ ಕಿಲೋ ಲೆಕ್ಕದಲ್ಲಿ ಕಾಫಿ ಕೊಯ್ಯುವವರ ಒಂದು ದಿನದ ನಷ್ಟ ಮಳೆಗಾಲದ ಒಂದು ದಿನಕ್ಕಿಂತ ದೊಡ್ಡದು. ಆಯಾ ಕಾಲದ ನಿಜವಾದ ಗಳಿಕೆಯನ್ನೇ ಹಿಡಿದು ಲೆಕ್ಕ ಹಾಕಬೇಕು. ಬೆರಳು ಮಡಿಸಲಾಗದಂತೆ ಆಗಿದ್ದರೆ, ಮುಖಕ್ಕೆ ಗಾಯವಾಗಿದ್ದರೆ ಅವಸರದಲ್ಲಿ ಮುಗಿಸಬೇಡಿ. ಗಾಯ ಪೂರ್ತಿ ಮಾಯ್ದು ವೈದ್ಯರು ಪ್ರಮಾಣಪತ್ರ ಕೊಟ್ಟ ಮೇಲೆಯೇ ಅಂತಿಮ ಮೊತ್ತ. ಅಲ್ಲಿಯವರೆಗೆ ಚಿಕಿತ್ಸೆಯ ಖರ್ಚನ್ನು ಆಗಿಂದಾಗ್ಗೆ ಕೊಡುತ್ತಿರಬೇಕು.

ಕಾಗದಪತ್ರ ಹೇಗಿರಬೇಕು

ಹಣವನ್ನು ಚೆಕ್ಕಿನ ಮೂಲಕ ಅಥವಾ ಬ್ಯಾಂಕ್ ಖಾತೆಗೆ ಕೊಡುವುದು ಒಳ್ಳೆಯದು. ನಗದು ಕೊಟ್ಟರೆ ಪ್ರತಿ ಸಲವೂ ರುಜು ಹಾಕಿಸಿಕೊಳ್ಳಿ. ಆರಂಭದಲ್ಲಿ ಕೊಡುವ ಹಣದ ರಶೀದಿಯಲ್ಲಿ "ಚಿಕಿತ್ಸೆಯ ಖರ್ಚಿಗಾಗಿ, ಹೊಣೆಯ ಪ್ರಶ್ನೆಗೆ ಬಾಧೆ ಬಾರದಂತೆ" ಎಂದು ಬರೆಸಿದರೆ ಒಡೆಯರಿಗೂ ಸಂಕೋಚವಿರುವುದಿಲ್ಲ, ಚಿಕಿತ್ಸೆಯೂ ನಿಲ್ಲುವುದಿಲ್ಲ.

ಕೊನೆಯ ರಾಜಿಪತ್ರದಲ್ಲಿ ಘಟನೆಯ ತಾರೀಕು ಮತ್ತು ಸ್ಥಳ, ಗಾಯದ ವಿವರ, ಹಿಂದೆ ಕೊಟ್ಟ ಹಣ, ಈಗ ಕೊಡುವ ಹಣ, ಮುಂದೆ ಇದೇ ಗಾಯಕ್ಕೆ ಚಿಕಿತ್ಸೆ ಬೇಕಾದರೆ ಯಾರು ಭರಿಸಬೇಕು ಎಂಬ ಮಾತು, ಇಬ್ಬರ ರುಜು, ಎರಡೂ ಕಡೆಗೆ ಬೇಕಾದ ಇಬ್ಬರು ಸಾಕ್ಷಿಗಳ ರುಜು ಇಷ್ಟಿರಲಿ. ಓದು ಬಾರದವರಿಗೆ ಅವರ ಕಡೆಯವರ ಎದುರಿನಲ್ಲಿಯೇ ಓದಿ ಹೇಳಿ, ಹಾಗೆ ಓದಿ ಹೇಳಲಾಗಿದೆ ಎಂದೂ ಬರೆಯಬೇಕು. ಒಂದು ಪ್ರತಿಯನ್ನು ಅವರಿಗೆ ಕೊಡಲೇಬೇಕು.

"ಹಣ ಪಡೆದಿದ್ದರಿಂದ ಪೊಲೀಸರಿಗೆ ದೂರು ಕೊಡುವುದಿಲ್ಲ" ಎಂಬ ಸಾಲನ್ನು ಬರೆಸಬೇಡಿ. ಅಪರಾಧದ ದೂರನ್ನು ಹಣಕ್ಕೆ ಅದುಮುವ ಕರಾರನ್ನು 1872ರ ಕರಾರು ಕಾಯಿದೆ ಮಾನ್ಯ ಮಾಡುವುದಿಲ್ಲ. ಆ ಒಂದು ಸಾಲಿನಿಂದ ಇಡೀ ಪತ್ರವೇ ಸಂಶಯಕ್ಕೀಡಾಗಬಹುದು. ಪರಿಹಾರವಾಗಿ ಇಷ್ಟು ಹಣ ಸಂದಿದೆ ಎಂದಷ್ಟೇ ಬರೆದರೆ ಸಾಕು.

ಕಚ್ಚಿಸಿಕೊಂಡದ್ದು ಮಗುವಾದರೆ ಹೆಚ್ಚು ಎಚ್ಚರ ಬೇಕು. ದಾವೆ ಹೂಡಿದ ಮೇಲೆ ಅಪ್ರಾಪ್ತ ವಯಸ್ಕರ ಪರವಾಗಿ ರಾಜಿ ಮಾಡಿಕೊಳ್ಳಲು ನ್ಯಾಯಾಲಯದ ಅನುಮತಿ ಬೇಕು. ಮಗುವಿಗೆ 18 ವರ್ಷ ತುಂಬಿದ ಮೇಲೂ ದಾವೆಗೆ ಕಾಲಾವಕಾಶ ಉಳಿದಿರುತ್ತದೆ. ಮೊತ್ತವನ್ನು ಮಗುವಿನ ಹೆಸರಿನಲ್ಲಿಯೇ ಠೇವಣಿ ಇಡುವುದು ಮಗುವಿಗೂ ಕ್ಷೇಮ, ಕೊಟ್ಟವರಿಗೂ ದಾಖಲೆ.

ಇಬ್ಬರಿಗೂ ಒಪ್ಪಿಗೆಯಾಗುವ ಭದ್ರವಾದ ದಾರಿ ಲೋಕ ಅದಾಲತ್ತು. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯಿದೆಯಂತೆ ಪ್ರತಿ ತಾಲ್ಲೂಕು ನ್ಯಾಯಾಲಯದಲ್ಲಿ ಕಾನೂನು ಸೇವಾ ಸಮಿತಿ ಇದೆ. ದಾವೆ ಹೂಡುವ ಮೊದಲೇ ಅಲ್ಲಿಗೆ ಅರ್ಜಿ ಕೊಡಬಹುದು. ಶುಲ್ಕವಿಲ್ಲ. ಅಲ್ಲಿ ಆದ ರಾಜಿಗೆ ಸಿವಿಲ್ ನ್ಯಾಯಾಲಯದ ಡಿಕ್ರಿಯ ಬಲವಿದೆ, ಅದರ ಮೇಲೆ ಅಪೀಲಿಲ್ಲ. ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು ಉಚಿತವಾಗಿ ವಕೀಲರ ನೆರವನ್ನೂ ಪಡೆಯಬಹುದು. ವಿಚಾರಿಸಲು ದೂರವಾಣಿ ಸಂಖ್ಯೆ 15100. ನಮ್ಮ ಕೆಲಸದವರಿಗೂ ಈ ಸಂಗತಿಯನ್ನು ನಾವೇ ತಿಳಿಸಿದರೆ ಚಿಕ್ಕವರಾಗುವುದಿಲ್ಲ.

ಬೇಡಿಕೆ ಅತಿಯಾದರೆ, ನೋಟೀಸು ಬಂದರೆ

ಎಲ್ಲ ಬೇಡಿಕೆಗಳೂ ನ್ಯಾಯವಾಗಿರುತ್ತವೆಂದು ಹೇಳಲಾರೆ. ಗೀರಿಗೆ ಲಕ್ಷ ಕೇಳಿದವರೂ ಉಂಟು, ಬೇರೆ ನಾಯಿ ಕಚ್ಚಿದ್ದನ್ನು ಅನುಕೂಲಸ್ಥರ ನಾಯಿಯ ಮೇಲೆ ಹಾಕಿದವರೂ ಉಂಟು. ಆಗ ಜಗಳಕ್ಕೆ ನಿಲ್ಲದೆ, ಆಸ್ಪತ್ರೆಯ ಚೀಟಿ, ಬಿಲ್ಲುಗಳು, ಕೆಲಸ ತಪ್ಪಿದ ದಿನಗಳ ವಿವರ ಇವನ್ನು ಲಿಖಿತವಾಗಿ ಕೇಳಬೇಕು. ನಿಜವಾದ ನಷ್ಟವಿರುವವರು ಅವನ್ನು ತರುತ್ತಾರೆ. ದಾಖಲೆಗೆ ತಕ್ಕ ಮೊತ್ತವನ್ನು ನಾವಾಗಿಯೇ ಬರೆದು ತಿಳಿಸಿದ್ದರೆ, ಮುಂದೆ ಯಾವ ನ್ಯಾಯಾಧೀಶರ ಮುಂದೆ ನಿಂತರೂ ನಮ್ಮ ಮಾತಿಗೆ ತೂಕವಿರುತ್ತದೆ.

ವಕೀಲರ ನೋಟೀಸು ಬಂದರೆ ಗಡುವಿನೊಳಗೆ ವಕೀಲರ ಮೂಲಕವೇ ಉತ್ತರ ಕಳಿಸಬೇಕು. ನ್ಯಾಯಾಲಯದ ಸಮನ್ಸು ಬಂದರೆ ಲಿಖಿತ ಹೇಳಿಕೆಗೆ ಸಾಮಾನ್ಯವಾಗಿ 30 ದಿನ. ನ್ಯಾಯಾಲಯ ಕಾರಣ ಬರೆದು ಅದನ್ನು 90 ದಿನದವರೆಗೆ ವಿಸ್ತರಿಸಬಹುದು. ಹಾಜರಾಗದೇ ಕುಳಿತರೆ ಏಕಪಕ್ಷೀಯವಾಗಿ ಡಿಕ್ರಿಯಾಗುವ ಸಂಭವವುಂಟು.

ನಾಯಿಗೆ ಅಥವಾ ಮನೆಗೆ ವಿಮೆ ಮಾಡಿಸಿದ್ದರೆ ಅದರಲ್ಲಿ ಇತರರಿಗಾದ ಹಾನಿಯ ಹೊಣೆ ಸೇರಿದೆಯೇ ನೋಡಿ. ಸೇರಿದ್ದರೆ ಕೂಡಲೇ ಲಿಖಿತವಾಗಿ ತಿಳಿಸಬೇಕು. ಅಂಥ ವಿಮೆಗಳಲ್ಲಿ, ವಿಮೆಯವರನ್ನು ಕೇಳದೆ ಹೊಣೆ ಒಪ್ಪಿಕೊಳ್ಳಬಾರದು ಎಂಬ ಷರತ್ತು ಸಾಮಾನ್ಯ.

ಕಚ್ಚುವ ಮೊದಲೇ ಮಾಡಬೇಕಾದದ್ದು

ಮರಿಗೆ ಮೂರು ತಿಂಗಳಾದಾಗ ರೇಬೀಸ್ ಲಸಿಕೆ, ಆಮೇಲೆ ಪಶುವೈದ್ಯರು ಹೇಳಿದಂತೆ ವರ್ಷವರ್ಷವೂ ಲಸಿಕೆ ಹಾಕಿಸಬೇಕು. ಪ್ರತಿ ವರ್ಷ ಸೆಪ್ಟೆಂಬರ್ 28 ವಿಶ್ವ ರೇಬೀಸ್ ದಿನ. ಆ ಸುಮಾರಿಗೆ ಪಶು ಆಸ್ಪತ್ರೆಗಳಲ್ಲಿ ಶಿಬಿರಗಳು ನಡೆಯುತ್ತವೆ. ಚೀಟಿಯನ್ನು ಪಹಣಿ, ಪಾಸ್‌ಬುಕ್ಕುಗಳ ಜೊತೆಗೇ ಇಟ್ಟುಕೊಳ್ಳಿ. ಸಾಕುನಾಯಿಗೆ ಲಸಿಕೆ, ಜಂತಿನ ಔಷಧಿ, ಸಂತಾನಹರಣ ಇವು ಒಡೆಯರದೇ ಹೊಣೆಯೆಂದು 2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳು ಹೇಳುತ್ತವೆ.

ಆಳುಗಳು ಬರುವ, ಮಕ್ಕಳು ಶಾಲೆಗೆ ಹೋಗುವ ಹೊತ್ತಿನಲ್ಲಿ ನಾಯಿ ಕಟ್ಟಿನಲ್ಲಿರಲಿ, ರಾತ್ರಿ ಬೇಲಿಯೊಳಗೆ ಬಿಡಿ. ಆದರೆ ಗಿಡ್ಡ ಸರಪಣಿಯಲ್ಲಿ ಹಗಲಿರುಳೂ ಕಟ್ಟಿಹಾಕುವುದು 1960ರ ಪ್ರಾಣಿ ಹಿಂಸೆ ತಡೆ ಕಾಯಿದೆಗೆ ವಿರೋಧ. ಹಾಗೆ ಕಟ್ಟಿದ ನಾಯಿ ಕಳಚಿಕೊಂಡ ದಿನವೇ ಹೆಚ್ಚು ಅಪಾಯಕಾರಿ. ಮನೆಯ ಬಾಗಿಲಿನಿಂದ ದೂರದಲ್ಲಿ, ಉಣಗೋಲಿನ ಬಳಿ ಒಂದು ಗಂಟೆ ಕಟ್ಟಿ. ಬಂದವರು ಬಾರಿಸಿ ನಿಲ್ಲಲಿ. ಅಂಚೆಯ ಪೆಟ್ಟಿಗೆ, ಮೀಟರು ನಾಯಿಯ ಸರಪಣಿಗೆ ಎಟುಕದ ಕಡೆ ಇರಲಿ. ಹೊಸ ಕೆಲಸದವರು ಬಂದಾಗ ಮೇಸ್ತ್ರಿ ಅವರಿಗೆ ನಾಯಿಯ ವಿಚಾರ ಹೇಳಲಿ.

ನಮ್ಮಂಥ ಸಣ್ಣ ಬೆಳೆಗಾರರ ತೋಟ ನಡೆಯುವುದು ನೆರೆಹೊರೆಯವರ ಮತ್ತು ಕೆಲಸಕ್ಕೆ ಬರುವವರ ವಿಶ್ವಾಸದಿಂದ. ನಾಯಿ ಕಚ್ಚಿದ ಗಾಯ ಒಂದು ತಿಂಗಳಲ್ಲಿ ಮಾಯಬಹುದು. "ನೋವಾದಾಗ ತಿರುಗಿ ನೋಡಲಿಲ್ಲ" ಎಂಬ ಮಾತು ಮುಂದಿನ ಹತ್ತು ಸುಗ್ಗಿಗೂ ಉಳಿಯುತ್ತದೆ. ರಾಜಿಪತ್ರ ಮತ್ತು ಚಿಕಿತ್ಸಾ ಖರ್ಚಿನ ರಶೀದಿಯ ಮಾದರಿಗಳನ್ನು ಕನ್ನಡದಲ್ಲಿ ಸಿದ್ಧಪಡಿಸಿ ಸಂಘದ ಕಚೇರಿಯಲ್ಲಿ ಇರಿಸಲಾಗಿದೆ. ಸದಸ್ಯರು ಮಾತ್ರವಲ್ಲ, ಅವರ ಕೆಲಸದವರೂ ಕೇಳಿ ಪಡೆಯಬಹುದು. ದೊಡ್ಡ ಗಾಯ, ಮಗುವಿನ ಗಾಯ, ಅಥವಾ ನ್ಯಾಯಾಲಯದ ಕಾಗದ ಬಂದ ಸಂದರ್ಭಗಳಲ್ಲಿ ಮಾದರಿಯನ್ನು ನೆಚ್ಚದೆ ವಕೀಲರನ್ನೇ ಕಾಣಬೇಕೆಂದು ವಿನಂತಿ.

— ಕಾರ್ಯದರ್ಶಿ